ಗೇಟಿನಲ್ಲಿ ತಡೆದ ಕಾಲುಂಗುರ

ನನಗೆ ಸಿಟ್ಟು ಬಂದರೆ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಎದುರು ಮನೆಯ ಅನ್ನಪೂರ್ಣ ಕೆಲಸ ಬಿಟ್ಟು ಬಂದ ವಾರ ನಾನು ಹೊಲಿದ ಜಂಪರುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅನ್ನಪೂರ್ಣ ನಮ್ಮೂರು ಯಳವತ್ತಿಗೆ ಸೊಸೆಯಾಗಿ ಬಂದವಳು. ಗಂಡ ಫಕೀರೇಶ ಕಾಮಣಿ ಬೇನೆಯಾಗಿ ತೀರಿಕೊಂಡಾಗ ಮಗಳಿನ್ನೂ ತೊಡೆಯ ಮೇಲಿನ ಕೂಸು. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯ ಹೆಂಗಸರು ಬಳೆ ಒಡೆಯಲು ಬಂದರು. ಸುಮ್ಮನೆ ಕೈ ಚಾಚಿದಳು. ಕಾಲುಂಗುರಕ್ಕೆ ಬಗ್ಗಿದಾಗ ಮಾತ್ರ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕುಳಿತುಬಿಟ್ಟಳು. ಅತ್ತೆ ತಿಪ್ಪವ್ವ ಅತ್ತಳು, ಬೈದಳು, ಕಾಲು ಹಿಡಿದು ಎಳೆದಳು. ಅನ್ನಪೂರ್ಣ ಅಲುಗಲಿಲ್ಲ. ಯಾಕೆಂದು ಮುಂದೊಂದು ದಿನ ನಾನು ಕೇಳಿದೆ. ಅವನು ಹೋದ, ಅವನ ಜೊತೆ ನನ್ನನ್ನೂ ಅರ್ಧ ಕಳಿಸುವುದಕ್ಕೆ ಇವರು ಯಾರು ಎಂದಳು. ಎಷ್ಟೋ ದಿನ ಓಣಿಯವರು ನಳದ ಹತ್ತಿರ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆಮೇಲೆ ಅವರಿಗೇ ಸಾಕಾಯಿತು. ತಿಪ್ಪವ್ವನೂ ಬಾಯಿ ಮುಚ್ಚಿದಳು, ಯಾಕೆಂದರೆ ಮನೆಯ ಒಲೆ ಉರಿಯುತ್ತಿದ್ದುದು ಸೊಸೆಯ ದುಡಿಮೆಯಿಂದ.

ದುಡಿಮೆ ಎಂದರೆ ಲಕ್ಷ್ಮೇಶ್ವರದ ಹೊರಗೆ ಇರುವ ಪುಂಡಲೀಕಪ್ಪನವರ ಕಾರ್ಖಾನೆ. ಹೊಲದ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ಹಸಿರು ಗುಂಡಿ ಒತ್ತಿದಾಗ ಒಂದಕ್ಕೊಂದು ಕೂಡಿಕೊಂಡು ಕರೆಂಟು ಹಾಯಿಸುವ ಪಾಯಿಂಟುಗಳಿರುತ್ತವಲ್ಲ, ಅಲ್ಲಿ ಅವನ್ನು ಮಾಡುತ್ತಾರೆ. ಬರೀ ತಾಮ್ರವಾದರೆ ಕಿಡಿಗೆ ಕಪ್ಪಾಗುತ್ತದೆ, ಬರೀ ಬೆಳ್ಳಿಯಾದರೆ ಕಾದು ಅಂಟಿಕೊಳ್ಳುತ್ತದೆ. ಅದಕ್ಕೆ ಬೆಳ್ಳಿಗೆ ತವರದ ಭಸ್ಮ ಬೆರೆಸಿ, ಆ ತುಣುಕನ್ನು ತಾಮ್ರದ ಪಟ್ಟಿಯ ಮೇಲೆ ಬೆಸೆಯುತ್ತಾರೆ. ಭೂತಗನ್ನಡಿ ಹಿಡಿದು, ಬಿರುಕು ಬಿಟ್ಟದ್ದನ್ನು ಆರಿಸಿ ತೆಗೆಯುವುದು ಅನ್ನಪೂರ್ಣಳ ಕೆಲಸ. ಯಾರ ಹೊಲದಲ್ಲಿ ಮೋಟರು ಶುರುವಾದರೂ ನಮ್ಮ ಪಾಯಿಂಟು ಎನ್ನುತ್ತಿದ್ದಳು. ಅದು ಬೇರೆ ಕಂಪನಿಯದು ಎಂದರೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಅಲ್ಲಿ ಮೊದಲಿನಿಂದಲೂ ಬೆಳ್ಳಿಯ ಮೇಲೆ ಕಣ್ಣು. ಗುಡಿಸಿದ ಧೂಳಿಗೂ ಬೀಗ. ಕೈ ತೊಳೆದ ನೀರು ಒಂದು ಡ್ರಮ್ಮಿಗೆ ಹೋಗುತ್ತದೆ, ತಳದ ಕೆಸರಿನಿಂದಲೂ ಬೆಳ್ಳಿ ತೆಗೆಯುತ್ತಾರೆ. ಸಂಜೆ ಹೆಂಗಸರು ಜಡೆ ಬಿಚ್ಚಿ ಕೊಡವಿ, ಉಗುರಿಗೆ ಬ್ರಷ್ ಹಾಕಿ ಹೊರಬೀಳಬೇಕು. ಇದನ್ನೆಲ್ಲ ಅವರು ನಗುನಗುತ್ತಲೇ ಮಾಡುತ್ತಿದ್ದರು. ಅಷ್ಟರಲ್ಲಿ ಬೆಳ್ಳಿಯ ದರ ಹುಚ್ಚೆದ್ದು ಏರಿತು, ಜೊತೆಗೆ ತಿಂಗಳ ತೂಕದಲ್ಲಿ ಬೆಳ್ಳಿ ಕಡಿಮೆ ಬೀಳತೊಡಗಿತು. ಪುಂಡಲೀಕಪ್ಪನವರ ಕಣ್ಣಿಗೆ ಬಿದ್ದದ್ದು ಹೆಂಗಸರ ಕಾಲು. ಇನ್ನು ಮೇಲೆ ಬೆಳ್ಳಿ ಒಳಗೂ ಬರಕೂಡದು, ಹೊರಗೂ ಹೋಗಕೂಡದು, ಎಲ್ಲರೂ ಕಾಲುಂಗುರ ಮನೆಯಲ್ಲಿ ತೆಗೆದಿಟ್ಟು ಬರಬೇಕು ಎಂದು ಅಪ್ಪಣೆಯಾಯಿತು. ತುಣುಕು ಒತ್ತುವ ಪ್ರೆಸ್ಸು ನಡೆಸುವ ಗಂಡಸರ ಸೊಂಟದಲ್ಲಿ ದಪ್ಪ ಬೆಳ್ಳಿ ಉಡದಾರಗಳಿದ್ದವು. ಅಂಗಿ ಎತ್ತು ಎಂದು ಅವರನ್ನು ಯಾರೂ ಕೇಳಲಿಲ್ಲ.

ಹೆಂಗಸರು ಗೇಟಿನ ಹೊರಗೇ ಕುಳಿತರು. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಲ್ಲರಿಗಿಂತ ಮುಂದೆ ಕುಳಿತವಳು ಅನ್ನಪೂರ್ಣ. ನಮ್ಮ ಹಿಂದಿನ ಓಣಿಯ ಸೀಮಾ, ಹೋದ ವರ್ಷ ಮದುವೆಯಾದವಳು, ಹೆದರಿ ಎದ್ದು ಹೊರಟಾಗ ಕೈ ಹಿಡಿದು ಕೂರಿಸಿದವಳೂ ಅವಳೇ. ಮಧ್ಯಾಹ್ನದ ಹೊತ್ತಿಗೆ ಪುಂಡಲೀಕಪ್ಪನವರು ಮೆತ್ತಗಾದರು. ಮುತ್ತೈದೆಯರು ಕಾಲುಂಗುರದ ಮೇಲೆ ಟೇಪು ಸುತ್ತಿಕೊಂಡು ಒಳಗೆ ಬರಬಹುದು ಎಂದರು. ಹೆಂಗಸರು ಎದ್ದು ಸೀರೆ ಕೊಡವಿಕೊಂಡರು. ಆಗ ಪುಂಡಲೀಕಪ್ಪನವರು ಅನ್ನಪೂರ್ಣಳ ಕಡೆ ತಿರುಗಿದರು.

“ನಿನಗೇನವಾ ಅಡ್ಡಿ? ಗಂಡ ಇಲ್ಲ. ನೀ ತೆಗೀಬಹುದಲ್ಲ.”

ಟೇಪಿನ ಸುರುಳಿ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಒಬ್ಬಳೂ ತುಟಿ ಬಿಚ್ಚಲಿಲ್ಲ. ಸೀಮಾ ತಲೆ ಬಗ್ಗಿಸಿಕೊಂಡು, ಸುತ್ತಿದ ಬೆರಳಿಗೇ ಮತ್ತೆ ಟೇಪು ಸುತ್ತುತ್ತಿದ್ದಳಂತೆ. ಅವರಿಗೆ ಮನೆ ಮಕ್ಕಳಿದ್ದವು, ಏನು ಮಾಡುತ್ತಾರೆ ಎಂದು ನನಗೆ ಬುದ್ಧಿ ಹೇಳಲು ಬಂದವರಿದ್ದಾರೆ. ಅನ್ನಪೂರ್ಣಳಿಗೆ ಮನೆ ಮಗು ಇರಲಿಲ್ಲವೇ? ಸೀಮಾಳ ಜಂಪರನ್ನು ನಾನು ಅಂದಿನಿಂದ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಅನ್ನಪೂರ್ಣ ಊಟದ ಡಬ್ಬಿ ಎತ್ತಿಕೊಂಡು ಟಂಟಂ ಆಟೋ ಹತ್ತಿ ಊರಿಗೆ ಬಂದಳು. ಮಾರನೆಯ ದಿನದಿಂದ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದಳು. ಖಾರ ಹತ್ತಿದ ಕೈ ರಾತ್ರಿಯೆಲ್ಲ ಉರಿಯುತ್ತಿತ್ತು, ಕೂಲಿಯೂ ದಿನಾ ಸಿಗುತ್ತಿರಲಿಲ್ಲ. ಮಗಳನ್ನು ಲಕ್ಷ್ಮೇಶ್ವರದ ಶಾಲೆಯಿಂದ ಬಿಡಿಸಿ ಊರ ಶಾಲೆಗೆ ಹಾಕಿದಳು. ಹುಡುಗಿ ಎರಡು ದಿನ ಅನ್ನ ಮುಟ್ಟಲಿಲ್ಲ. ಆಗಲೂ ತಿಪ್ಪವ್ವ ಮಾತಾಡಲಿಲ್ಲ, ಆದರೆ ಸೊಸೆಯ ಕಾಲನ್ನು ನೋಡುವುದನ್ನು ಮತ್ತೆ ಶುರು ಮಾಡಿದ್ದಳು.

ಕೆಲವು ತಿಂಗಳ ಮೇಲೆ ಬೆಳ್ಳಿ ಎಲ್ಲಿ ಹೋಗುತ್ತಿತ್ತು ಎಂಬುದು ಗೊತ್ತಾಯಿತು. ಕೈ ತೊಳೆದ ನೀರಿನ ಡ್ರಮ್ಮು ತಳದಲ್ಲಿ ಸೀಳಿತ್ತು. ಬೆಳ್ಳಿಯ ಕೆಸರು ಗಟಾರ ಸೇರುತ್ತಿತ್ತು. ಪುಂಡಲೀಕಪ್ಪನವರು ಹೊಸ ಡ್ರಮ್ಮು ತರಿಸಿದರು. ಟೇಪಿನ ನಿಯಮ ಹಾಗೇ ಉಳಿಯಿತು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನಾಲಿಗೆ ಸವೆದು ಹೋಗುತ್ತಿತ್ತೇನೋ.

ಬದಲಿಗೆ ಗೇಟು ಕಾಯುವ ಈಶಪ್ಪ ಅವಳನ್ನು ಕರೆದೊಯ್ಯಲು ಟಂಟಂ ತೆಗೆದುಕೊಂಡು ಬಂದ. ಕಟ್ಟೆಯ ಮೇಲೆ ಕುಳಿತು, ನೀರು ಇಸಿದುಕೊಂಡು, ಹೇಳಿ ಕಳಿಸಿದ್ದನ್ನು ಒಪ್ಪಿಸಿದ. ಜಂಪರಿಗೆ ಗುಂಡಿ ಹಚ್ಚುತ್ತಾ ನಾನೂ ಅಲ್ಲೇ ಇದ್ದೆ. ದೊಡ್ಡ ಆರ್ಡರು ಬಂದಿದೆ, ಕಣ್ಣು ಚುರುಕಿರುವವರು ಬೇಕು, ಮಾಲಕರು ಬಾ ಎಂದಿದ್ದಾರೆ. ಕಾಲುಂಗುರವೊಂದನ್ನು ತೆಗೆದು ಬಂದರಾಯಿತು, ದೊಡ್ಡವರ ಮಾತೂ ಉಳಿಯಬೇಕಲ್ಲ. ಊರಲ್ಲಿ ಗಂಡ ಸತ್ತವರು ಇನ್ನೂ ಯಾರಾದರೂ ಇದ್ದರೆ ಕರೆತರಬೇಕಂತೆ, ಅಂಥವರಿಂದ ಈ ತಕರಾರೇ ಇರುವುದಿಲ್ಲವಂತೆ.

ಒಳಗಿನಿಂದ ತಿಪ್ಪವ್ವ ಹೋಗವ್ವ ಎಂದಳು. ಬೇಡುವ ದನಿ. ಅನ್ನಪೂರ್ಣ ಆ ಕಡೆ ನೋಡಲಿಲ್ಲ.

“ಮಾಲಕರ ಹೆಂಡ್ತಿ ದಿನಾ ಸಂಜಿಕೆ ಒಳಗ ಬರ್ತಾರಲ್ರಿ ಯಣ್ಣಾ,” ಎಂದಳು. “ಕಾಲುಂಗರ, ಗೆಜ್ಜಿ ಎಲ್ಲಾ ಹಾಕ್ಕೊಂಡು ಪಾಯಿಂಟಿನ ಪರಾತದಾಗ ಕೈ ಆಡಸ್ತಾರ. ಅವರಿಗೂ ಟೇಪು ಸುತ್ತೀರೇನು?”

ಈಶಪ್ಪ ನಕ್ಕ. ಅವರು ಮಾಲಕರ ಮನೆಯವರಲ್ಲವೇ ಎಂದ.

“ಹಂಗಾರ ಹೋಗಿ ಹೇಳ್ರಿ. ಅವರು ಕಾಲುಂಗರ ತೆಗೆದ ದಿನ ನಾನೂ ತೆಗೀತೀನಿ.”

ಈಶಪ್ಪನ ನಗು ಇಂಗಿತು. ಬಾಯಿಯವರೆಗೆ ಹೋಗಿದ್ದ ಚಂಬನ್ನು ಕೆಳಗಿಟ್ಟ.

“ಬಿಡ್ತು ಅನ್ನು, ತಂಗಿ. ಮುತ್ತೈದಿಗೆ ಅಂಥಾ ಮಾತು ಆಡಬಾರದು.”

“ನನಗ ತೆಗಿ ಅಂದಾಗ ಬಿಡ್ತು ಅಂದಾವ್ರು ಯಾರ್ರಿ?”

ಈಶಪ್ಪ ಚಂಬನ್ನು ಅಲ್ಲೇ ಬಿಟ್ಟು ಎದ್ದ. ಟಂಟಂ ಖಾಲಿಯೇ ಹೋಯಿತು.