ಒಳಗೆ ಬಾರದ ನಲ್ಲಿಯವರು

ಅವರ ಬಲಗಿವಿಗೆ ಯಾವಾಗಲೂ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಕಿವಿಯ ಮಡಿಕೆಯಲ್ಲಿ, ಕೆನ್ನೆಯ ಮೇಲೆ, ಪಕ್ಕದ ನರೆಗೂದಲಲ್ಲಿ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅವರು ಗೋಡೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳುತ್ತಿದ್ದರು. ಒಂದು ಮನೆಯ ಸುಣ್ಣ ಹೋಗುವಷ್ಟರಲ್ಲಿ ಇನ್ನೊಂದು ಮನೆಯ ಸುಣ್ಣ ಹತ್ತಿರುತ್ತಿತ್ತು. ಯಾರಾದರೂ ಒರೆಸಿಕೊಳ್ಳಿ ಎಂದರೆ, "ಇರ್ಲಿ ಬುಡಿ, ನಾಳೀಕೆ ಇನ್ನೊಂದು ಗೋಡೆ ಅದೆ" ಎನ್ನುತ್ತಿದ್ದರು. ಕೃಷ್ಣರಾಜನಗರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ನಲ್ಲಿಯವರು.

ನಾನು ಆ ಊರಿಗೆ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತೇಳು. ಐವತ್ತರ ದಶಕದ ನಡುವಿನ ಮಾತು. ಮದುವೆ ಎನ್ನುವುದು ಒಂದೂವರೆ ವರ್ಷ ಇದ್ದು, ಗಂಡನ ಜ್ವರದ ಜೊತೆಗೇ ಮುಗಿದುಹೋಗಿತ್ತು. ಆಮೇಲೆ ಸಾಲಿಗ್ರಾಮದ ಅಣ್ಣನ ಮನೆಯಲ್ಲಿ ಆರು ವರ್ಷ ಅತ್ತಿಗೆಯ ಒಲೆ ಊದಿದೆ, ಅವಳ ಮಕ್ಕಳ ಮೂಗು ಒರೆಸಿದೆ, ನಡುವೆ ಹೇಗೋ ಟ್ರೈನಿಂಗ್ ಮುಗಿಸಿದೆ. ಕೆಲಸ ಸಿಕ್ಕಾಗ ಅಣ್ಣ ಬೇಡ ಎನ್ನಲಿಲ್ಲ. ಗಾಡಿಯಿಂದ ನನ್ನ ಟ್ರಂಕು ಇಳಿಸುತ್ತಾ ಇಷ್ಟು ಹೇಳಿದ: "ನಿನ್ನ ಮೇಲೆ ಒಂದೇ ಒಂದು ಮಾತು ನನ್ನ ಕಿವಿಗೆ ಬೀಳ್ಲಿ, ಅವತ್ತೇ ಇದೇ ಗಾಡೀಲಿ ವಾಪಸ್ಸು." ಅವನು ಆಡಿದರೆ ಮಾಡುವವನು.

ಮನೆ ಕೊಟ್ಟವರು ಬೆಲ್ಲದ ವ್ಯಾಪಾರದವರು. ತಮ್ಮ ದೊಡ್ಡ ಮನೆಯ ಪಕ್ಕದ ಭಾಗವನ್ನು ಬಾಡಿಗೆಗೆ ಬಿಟ್ಟಿದ್ದರು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಬಚ್ಚಲಿನ ಗೋಡೆಯ ಆಚೆ ಅವರ ಬೆಲ್ಲದ ಉಗ್ರಾಣ. ಮನೆಯೊಡತಿ ವಿಭೂತಿ ಹಚ್ಚಿದ ಹಣೆಯನ್ನು ಗಂಟು ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡವ್ವ, ಒಂಟಿ ಹೆಣ್ಣು ಅಂತ ಕೊಡ್ತಾ ಇವ್ನಿ. ಗಂಡಸ್ರು ಬರೋದು ಹೋಗೋದು ಅನ್ನೋದು ಮಾತ್ರ ಇರಬಾರ್ದು ಕಣವ್ವ" ಎಂದರು. ನಾನು ತಲೆಯಾಡಿಸಿದೆ. ನನ್ನ ಮನೆಗೆ ಬರುವ ಗಂಡಸರು ಯಾರಿದ್ದರು!

ಆದರೆ ನಲ್ಲಿ ಇತ್ತು. ಬೆಳಗಿನ ಹೊತ್ತು ಎರಡು ತಾಸು ನೀರು ಬರುವ ಹಿತ್ತಾಳೆಯ ನಲ್ಲಿ, ಸಾಲಿಗ್ರಾಮದಲ್ಲಿ ಬಾವಿ ಸೇದಿದ ನನಗೆ ಅರಮನೆ ಸಿಕ್ಕಂತಾಗಿತ್ತು. ಮೂರನೆಯ ತಿಂಗಳಿಗೆ ಅದು ತೊಟ್ಟಿಕ್ಕಲು ಶುರುವಾಯಿತು. ಎಷ್ಟು ಬಿಗಿ ತಿರುಗಿಸಿದರೂ ನಿಲ್ಲದು. ಸಂತೆ ಚೌಕದ ಸೈಕಲ್ ಅಂಗಡಿಯ ಮುಂದೆ ನಲ್ಲಿಯವರು ದಿನಾ ಬೆಳಿಗ್ಗೆ ಕೂತಿರುತ್ತಾರೆಂದು ತಿಳಿದು ಶಾಲೆಗೆ ಹೋಗುವಾಗ ಹೇಳಿ ಹೋದೆ.

ಮರುದಿನ ಬಂದರು. ಹೊಸ್ತಿಲ ಹೊರಗೆ ನಿಂತು, "ಮನೇಲಿ ಗಂಡಸ್ರು ಯಾರವ್ರೆ?" ಎಂದರು.

"ಯಾರೂ ಇಲ್ಲ. ನಾನೊಬ್ಬಳೇ."

"ಅಂಗಾರೆ ನಾ ಒಳೀಕೆ ಬರಾಕಿಲ್ಲ ಅಮ್ಮಾವ್ರೇ."

ನನಗೆ ಸಿಟ್ಟು ಬಂತು. "ಮತ್ತೆ ನಲ್ಲಿ ಹೇಗೆ ರಿಪೇರಿ ಮಾಡ್ತೀರಿ, ಮಂತ್ರ ಹಾಕ್ತೀರಾ?" ಎಂದೆ. ಅವರು ನಗಲಿಲ್ಲ. ಮನೆಯ ಪಕ್ಕದ ಸಂದಿಗೆ ಹೋಗಿ, ಬಚ್ಚಲಿನ ಬೆಳಕಿಂಡಿಯ ಕೆಳಗೆ ನಿಂತು, ಕಂಬಿಯ ನಡುವಿನಿಂದ ತಿರುಪು ಬಿಚ್ಚುವ ಒಂದು ಹಳೆಯ ಪಾನವನ್ನು ಒಳಗೆ ಚಾಚಿದರು. "ನಾ ಯೋಳ್ತೀನಿ, ನೀವು ಮಾಡಿ."

ನನ್ನ ನಲ್ಲಿ ಪಾಠ ಹೀಗೆ ಶುರುವಾಯಿತು. ಗೋಡೆಯ ಆಚೆ ಗುರು, ಈಚೆ ಸೆರಗು ಸಿಕ್ಕಿಸಿದ ಶಿಷ್ಯೆ. ಮೊದಲು ನಲ್ಲಿಗೆ ಬರುವ ನೀರು ತಡೆಯುವ ವಾಲ್ ಮುಚ್ಚಬೇಕು. ಯಾವ ಕಡೆ ತಿರುಗಿಸಲಿ ಎಂದರೆ, "ದ್ಯಾವ್ರಿಗೆ ಪ್ರದಕ್ಷಿಣೆ ಬರಂಗೆ ತಿರುಗ್ಸುದ್ರೆ ಮುಚ್ಕತದೆ, ಉಲ್ಟಾ ತಿರುಗ್ಸುದ್ರೆ ಬುಟ್ಕತದೆ" ಎಂದರು. ನಲ್ಲಿಯ ತಲೆ ಬಿಚ್ಚಿದೆ. "ಒಳಗೆ ಏನ್ ಕಾಣ್ತದೆ ಯೋಳಿ." ಒಂದು ಕರಿಯ ಬಿಲ್ಲೆ, ಅಂಚು ಹರಿದುಹೋಗಿದೆ ಎಂದೆ. "ಅದೇ ವಾಷರ್ರು. ಹಳೇ ಮೆಟ್ಟು ಇದ್ರೆ ತತ್ತನ್ನಿ." ನನ್ನ ಸವೆದ ಚಪ್ಪಲಿಯ ತೊಗಲನ್ನು ಆ ಬಿಲ್ಲೆಯ ಅಳತೆಗೆ ಕತ್ತರಿಸಿ, ಎಣ್ಣೆಯಲ್ಲಿ ಅದ್ದಿ ಕೂರಿಸಿದೆ. ತೊಟ್ಟಿಕ್ಕುವುದು ನಿಂತಿತು. ಬಿ.ಎ. ಪಾಸಾದವರಿಗೂ ಅಷ್ಟು ಹೆಮ್ಮೆ ಆಗಿರಲಾರದು. ಬೆಳಕಿಂಡಿಯ ಕಟ್ಟೆಯ ಮೇಲೆ ಒಂದು ಲೋಟ ಕಾಫಿ ಇಟ್ಟೆ. ಹೊರಗಿನಿಂದ ಒಂದು ಕೈ ಬಂದು ತೆಗೆದುಕೊಂಡಿತು.

ಮುಂದಿನ ಎರಡು ವರ್ಷಗಳಲ್ಲಿ ಅವರು ನನಗೆ ಬೇಕಾದ್ದನ್ನೆಲ್ಲ ಹೀಗೇ ಕಲಿಸಿದರು. ಪೈಪಿನ ತಿರುಪಿಗೆ ಸೆಣಬಿನ ನಾರು ಸುತ್ತುವುದು. ಸಣ್ಣ ತೂತಿಗೆ ಬಾರ್ ಸೋಪು ಮೆತ್ತಿ ಬಟ್ಟೆ ಬಿಗಿದು ಒಂದೆರಡು ದಿನ ತಳ್ಳುವುದು. ಬಚ್ಚಲು ಕಟ್ಟಿದರೆ ಬಿದಿರಿನ ಸೀಳು ಆಡಿಸುವುದು. "ಬೂದಿ, ಸೀಗೇಪುಡಿ, ಉದ್ರಿದ್ ಕೂದ್ಲು, ಮೂರೂ ಒಟ್ಟಿಗೆ ಒಳೀಕೆ ಹೋದ್ರೆ ಗಾರೆ ಆಯ್ತದೆ ಕಣ್ರವ್ವ" ಎಂದು ಗದರುತ್ತಿದ್ದರು. ಜೊತೆಗೆ ಒಂದು ಕಟ್ಟಳೆ. ಕಣ್ಣಿಗೆ ಕಾಣುವುದು, ಒಂದು ಕೈಯ ಬಲಕ್ಕೆ ಬರುವುದು ನನ್ನ ಕೆಲಸ. ಗೋಡೆಯೊಳಗಿರುವುದು, ಒಂದು ಕೈಗೆ ಬಗ್ಗದಿರುವುದು ಅವರ ಕೆಲಸ. "ಬರ್ನಿಲ್ಲ ಅಂದ್ರೆ ಅಲ್ಲೇ ನಿಲ್ಸಿ, ನನ್ ಕರೀರಿ."

ಇಲ್ಲೊಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಶನಿವಾರ ಮಧ್ಯಾಹ್ನ ಶಾಲೆಯ ಗಂಟೆ ಹೊಡೆದ ಮೇಲೆ ಸೋಮವಾರದವರೆಗೆ ನನ್ನ ಜೊತೆ ಮಾತಾಡುವ ಒಂದು ಜೀವ ಇರುತ್ತಿರಲಿಲ್ಲ. ಮನೆಯೊಡತಿ ನಾನು ಕಂಡರೆ ಬಾಗಿಲ ಮರೆಗೆ ಸರಿಯುವರು. ಬೆಳಿಗ್ಗೆ ವಿಧವೆಯ ಮುಖ ಯಾರಿಗೆ ಬೇಕು! ಎಷ್ಟೋ ಭಾನುವಾರ ಸಂಜೆ ನನ್ನ ದನಿ ಇನ್ನೂ ಇದೆಯೋ ಎಂದು ನೋಡಲು ಮಗ್ಗಿ ಹೇಳಿಕೊಂಡಿದ್ದೇನೆ. ಅಂಥ ಒಂದು ಭಾನುವಾರ ಚೆನ್ನಾಗಿದ್ದ ವಾಷರನ್ನು ಬಿಚ್ಚಿ, ಕತ್ತರಿಯಿಂದ ಅಂಚು ಹರಿದು, ನಲ್ಲಿ ಸೋರುತ್ತಿದೆ ಎಂದು ಅವರಿಗೆ ಹೇಳಿಕಳಿಸಿದೆ.

ಬೆಳಕಿಂಡಿಯಿಂದ ಕೊಟ್ಟ ಆ ವಾಷರನ್ನು ಅವರು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ್ದು ಕಂಬಿಯ ನಡುವೆ ಕಂಡಿತು. ನನ್ನ ಕಿವಿ ಬಿಸಿಯಾಯಿತು. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಹೊಸದನ್ನು ಕೊಟ್ಟು, ಸಂದಿಯ ಕಲ್ಲಿನ ಮೇಲೆ ಕೂತರು. ಅವತ್ತು ಅರ್ಧ ಗಂಟೆ ತಾವಾಗಿಯೇ ಮಾತಾಡಿದರು. ರಾವಂದೂರಿನ ಕಡೆಯವರಂತೆ. ಹೆಂಡತಿ ಹೋಗಿ ಹತ್ತು ವರ್ಷ. ಒಬ್ಬಳೇ ಮಗಳನ್ನು ಹೆಗ್ಗಡದೇವನಕೋಟೆಯ ಕಡೆ ಕೊಟ್ಟಿದ್ದು, ಅವಳು ಬರುವುದು ಅಪರೂಪವಂತೆ. ಅದಾದ ಮೇಲೆ ತಿಂಗಳಿಗೊಂದು ಭಾನುವಾರ, ನಾನು ಕರೆಯದಿದ್ದರೂ, ಸಂದಿಯಿಂದ "ಅಮ್ಮಾವ್ರೇ, ನಲ್ಲಿ ಸಂದಾಗದಾ?" ಎಂಬ ದನಿ ಕೇಳುತ್ತಿತ್ತು.

ಇಷ್ಟೆಲ್ಲ ಕಲಿತ ಮೇಲೆ ಜಂಬ ಬಾರದೆ ಇದ್ದೀತೇ? ಒಂದು ಬೆಳಿಗ್ಗೆ ನಲ್ಲಿ ಗೋಡೆಗೆ ಸೇರುವ ಕಡೆ ಒಸರತೊಡಗಿತು. ಮನೆ ಕೊಟ್ಟವರೆಲ್ಲ ಮದುವೆಗೆಂದು ಬೆಟ್ಟದಪುರಕ್ಕೆ ಹೋಗಿದ್ದರು. ವಾಲ್ ಮುಚ್ಚಿ ನಲ್ಲಿಯನ್ನು ಬಿಚ್ಚಲು ಹೋದೆ. ಒಂದು ಕೈಗೆ ಬರಲಿಲ್ಲ. ಎರಡು ಕೈಗೂ ಬರಲಿಲ್ಲ. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಅಡುಗೆಮನೆಯಿಂದ ಒಲೆ ಊದುವ ಕಬ್ಬಿಣದ ಊದುಗೊಳವೆಯನ್ನು ತಂದು, ಪಾನದ ಹಿಡಿಗೆ ಸಿಕ್ಕಿಸಿ ಉದ್ದ ಮಾಡಿಕೊಂಡು, ಮೈಭಾರವನ್ನೆಲ್ಲ ಬಿಟ್ಟೆ. ಗೋಡೆಯೊಳಗೆ ಟಕ್ ಎಂದಿತು. ವಾಲಿಗಿಂತ ಹಿಂದೆ, ಗೋಡೆಯೊಳಗಿನ ಪೈಪಿನ ತಿರುವೇ ಬಿರಿದಿತ್ತು. ವಾಲ್ ಮುಚ್ಚಿದ್ದರೂ ಪ್ರಯೋಜನವಿಲ್ಲ. ಗಾರೆಯ ಬಿರುಕಿನಿಂದ ನೀರು ಚಿಮ್ಮತೊಡಗಿತು. ಆ ಗೋಡೆ ಮಣ್ಣಿನದು, ಅದರ ಆಚೆ ಒಂದು ಉಗ್ರಾಣದ ತುಂಬ ಬೆಲ್ಲ.

ಒದ್ದೆ ಸೀರೆಯಲ್ಲೇ ಚೌಕಕ್ಕೆ ಓಡಿದೆ. ಊರು ನೋಡುತ್ತಿತ್ತು. ಓಡುತ್ತಾ ನನಗೆ ಕಾಣುತ್ತಿದ್ದದ್ದು ಒಂದೇ, ಅಣ್ಣನ ಗಾಡಿ, ಅದರಲ್ಲಿ ನನ್ನ ಟ್ರಂಕು.

ನಲ್ಲಿಯವರು ಚೀಲ ಹಿಡಿದು ನನ್ನ ಹಿಂದೆ ಬಂದರು. ಇಡೀ ಬೀದಿಯ ನೀರು ನಿಲ್ಲಿಸುವ ವಾಲಿನ ಕೀಲಿ ಅವರ ಹತ್ತಿರ ಇರಲಿಲ್ಲ. ನೀರು ನಿಲ್ಲಲು ಇನ್ನೂ ಒಂದು ಗಂಟೆ ಇತ್ತು. ಹೊಸ್ತಿಲ ಮುಂದೆ ಅವರು ನಿಂತುಬಿಟ್ಟರು. ಅವರ ಮುಖದಲ್ಲಿ ಭಯ ಕಂಡದ್ದು ಅದೇ ಮೊದಲು. ಅವರಿಗೂ ನನ್ನ ಮನೆಯೊಡತಿಯ ಮಾತು ಗೊತ್ತಿತ್ತು.

"ನೀವು ಬೀದಿ ಜಗುಲಿ ಮ್ಯಾಲೆ, ಎಲ್ರೂ ಕಾಣಂಗೆ ನಿತ್ಕಳಿ. ಬಾಗ್ಲು ಪೂರಾ ತೆಗ್ದಿರ್ಲಿ" ಎಂದು ಹೇಳಿ, ಮೆಟ್ಟು ಕಳಚಿ ಒಳಗೆ ಹೋದರು. ಹೋದವರೇ ಗಂಟಲೆತ್ತಿ ಕೂಗಲು ಶುರುಮಾಡಿದರು. "ಬಚ್ಚಲಿಗೆ ಬಂದೆ! ಅಮ್ಮಾವ್ರು ಬೀದೀಲವ್ರೆ!" ಸುತ್ತಿಗೆಯ ಸದ್ದು. "ಈಗ ಗಾರೆ ಒಡೀತಾ ಇವ್ನಿ!" ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಪೇಪರು ಕೆಳಗಿಟ್ಟರು. "ಪೈಪು ಸಿಕ್ತು! ಬಿರ್ದದೆ!" ಪಕ್ಕದ ಮನೆಗಳಿಂದ ಹೆಂಗಸರು ಹೊರಬಂದರು. "ಅಮ್ಮಾವ್ರು ಬೀದೀಲೇ ಅವ್ರಾ?" ಎಂದು ಒಳಗಿಂದ ಪ್ರಶ್ನೆ. "ಅವ್ರೆ, ಅವ್ರೆ!" ಎಂದು ಬೀದಿಯೇ ಉತ್ತರ ಕೊಟ್ಟಿತು. "ಈಗ ಬಟ್ಟೆ ಸುತ್ತಿ ಮರದ ಬೆಣೆ ಬಡೀತಾ ಇವ್ನಿ!" ಕಾಲು ಗಂಟೆ ಇದೇ ನಡೆಯಿತು. ಜನ ಹೊಟ್ಟೆ ಹಿಡಿದು ನಕ್ಕರು. ನಾನು ಜಗುಲಿಯ ಕಂಬ ಹಿಡಿದು ಅಳುತ್ತಿದ್ದೆ. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯ ನನ್ನ ಮಾನಕ್ಕಾಗಿ ತಮ್ಮನ್ನೇ ಊರಿಗೆ ತಮಾಷೆ ಮಾಡಿಕೊಂಡಿದ್ದರು.

ನೀರು ನಿಂತಿತು. ಬೆಲ್ಲ ಉಳಿಯಿತು, ಗೋಡೆಗೆ ತಾಗಿದ್ದ ಒಂದೆರಡು ಅಚ್ಚು ಬಿಟ್ಟು.

ಮನೆಯೊಡತಿ ಮದುವೆಯಿಂದ ಬಂದು ಒಡೆದ ಗಾರೆ ನೋಡಿ, ಯಾರು ಬಂದಿದ್ದರು ಎಂದು ಕೇಳಿಯೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪೋಸ್ಟ್‌ಮಾಸ್ಟರು ತಮ್ಮ ಜಗುಲಿಯಿಂದ, "ಇಡೀ ಬೀದಿಗೇ ಗೊತ್ತು ಕಣಮ್ಮಾ ಯಾರು ಬಂದಿದ್ರು, ಏನು ಮಾಡಿದ್ರು ಅಂತ. ಪೇಪರ್ ಓದೋಕೂ ಬಿಡಲಿಲ್ಲ ಪುಣ್ಯಾತ್ಮ!" ಎಂದರು. ಮನೆಯೊಡತಿ ಹುಂ ಎಂದು ಒಳಗೆ ಹೋದರು. ನನ್ನ ಮನೆ ಉಳಿಯಿತು.

ಮಾರನೆಯ ದಿನ ಉಗ್ರಾಣದ ಕಡೆಯಿಂದ ಗೋಡೆ ಬಿಡಿಸಿ ಪೈಪು ಬದಲಿಸಿದ ಮೇಲೆ, ಸಂದಿಯಿಂದ ಬೈಗುಳ ಬಂತು. "ಕೈಗೆ ಬರ್ದಿದ್ನ ಬುಟ್ಟು ಕರೀಬೇಕು ಅಂತ ಏಟ್ ಸಲ ಯೋಳಿವ್ನಿ? ಕರ್ಯೋದ್ರಲ್ಲಿ ಏನ್ ನಾಚ್ಕೆ ನಿಮ್ಗೆ?" ನಾನು ತಪ್ಪಾಯಿತು ಎಂದೆ.

ಆ ವರ್ಷದ ಆಷಾಢದಲ್ಲಿ ಅವರು ಬರಬೇಕಿದ್ದ ಭಾನುವಾರ ಕಳೆದು ಇನ್ನೊಂದು ಭಾನುವಾರ ಬಂದರೂ ಸಂದಿಯಲ್ಲಿ ದನಿ ಕೇಳಲಿಲ್ಲ. ಸೈಕಲ್ ಅಂಗಡಿಯವರನ್ನು ವಿಚಾರಿಸಿದರೆ, ಜ್ವರವಂತೆ, ರೂಮಿನಲ್ಲೇ ಇದ್ದಾರೆ ಎಂದರು. ರೈಲ್ವೆ ಸ್ಟೇಷನ್ ದಾರಿಯಲ್ಲಿ, ಅಂಗಡಿಗಳ ಸಾಲಿನ ಕೊನೆಯಲ್ಲಿ ಅವರ ರೂಮು. ಗಂಜಿ ಮಾಡಿ ಹಿಡಿಕೆಯ ಡಬ್ಬಿಯಲ್ಲಿ ಹಾಕಿಕೊಂಡು ಅದೇ ಭಾನುವಾರ ಮಧ್ಯಾಹ್ನ ಹೋದೆ. ಅಂಗಡಿಗಳ ಮುಂದೆ ಏಳೆಂಟು ಗಂಡಸರು ಕೂತಿದ್ದರು. ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು.

"ನಾನು, ಟೀಚರು" ಎಂದೆ.

"ಅಲ್ಲೇ ಇರಿ ಅಮ್ಮಾವ್ರೇ. ಒಳೀಕೆ ಬರಬ್ಯಾಡಿ. ಜನ ಅವ್ರೆ."

"ಡಾಕ್ಟರನ್ನ ಕರೆಸ್ತೀನಿ."

"ಬುಡಿ, ಬುಡಿ. ಅಂಥಾದ್ದೇನಿಲ್ಲ. ಇದು ನನ್ ಕೈಲೇ ಆಯ್ತದೆ."

ಎರಡು ಮಾತಿನ ನಡುವೆ ಅವರ ಎದೆ ಗೊರಗುಟ್ಟುವುದು ನಾನು ನಿಂತಲ್ಲಿಗೆ ಕೇಳಿಸುತ್ತಿತ್ತು. ಅದು ಅವರ ಕೈಲಾಗುವ ಕಾಯಿಲೆಯಲ್ಲ ಎಂದು ನನಗೆ ತಿಳಿಯಿತು. ಖಂಡಿತ ತಿಳಿಯಿತು, ತಿಳಿಯಲಿಲ್ಲ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ನಾನೇ ಸುಳ್ಳು ಹೇಳಿಕೊಳ್ಳಲಾಗಿಲ್ಲ. ಒಂದು ಹೆಜ್ಜೆ ಒಳಗಿಟ್ಟು ಹಣೆ ಮುಟ್ಟಿ ನೋಡಬಹುದಿತ್ತು. ಅಲ್ಲಿಂದ ನೇರ ಡಾಕ್ಟರ ಮನೆಗೆ ಹೋಗಬಹುದಿತ್ತು. ಆದರೆ ಯಾರಿಗೆ ಕಾಯಿಲೆ, ಅವರು ನಿಮಗೇನಾಗಬೇಕು ಎಂದು ಡಾಕ್ಟರು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿದೆ. ನನ್ನ ಬೆನ್ನಿನ ಮೇಲಿದ್ದ ಕಣ್ಣುಗಳ ಬಗ್ಗೆ ಯೋಚಿಸಿದೆ. ಗಂಜಿಯ ಡಬ್ಬಿಯನ್ನು ಹೊಸ್ತಿಲ ಒಳಗೆ ಸರಿಸಿ, "ಬಿಸಿ ಇರುವಾಗಲೇ ಕುಡೀರಿ" ಎಂದು ಹೇಳಿ ತಿರುಗಿ ಬಂದೆ.

ಮಂಗಳವಾರ ಎರಡನೆಯ ಪೀರಿಯಡ್ಡಿನಲ್ಲಿ ಸುದ್ದಿ ಬಂತು. ಸೈಕಲ್ ಅಂಗಡಿಯವರೇ ಮುಂದೆ ನಿಂತು ಎಲ್ಲ ಮಾಡಿದರಂತೆ. ಮಗಳು ಬಂದು ತಲುಪುವ ಹೊತ್ತಿಗೆ ಮುಗಿದಿತ್ತು. ನಾನು ಹೋಗಲಿಲ್ಲ. ಹೋಗುವ ಸಂಬಂಧ ಯಾವುದು? ಐದನೆಯ ಕ್ಲಾಸಿನ ಹುಡುಗಿಯರಿಗೆ ಉಕ್ತಲೇಖನ ಕೊಡುತ್ತಾ, ಒಂದೇ ಸಾಲನ್ನು ಮೂರು ಸಲ ಹೇಳಿದೆ. ಪಾಪ, ಮಕ್ಕಳು ಮೂರು ಸಲವೂ ಬರೆದುಕೊಂಡವು.

ನಾನು ನನ್ನ ಕಾಲ ಮೇಲೆ ನಿಂತೆ ಎಂದು ಜನ ಈಗ ಹೊಗಳುತ್ತಾರೆ. ನಿಲ್ಲಿಸಿದವರು ಅವರು. ಅವರು ನನ್ನ ಹೊಸ್ತಿಲು ದಾಟಿದ್ದು ಒಂದೇ ಸಲ, ಅದೂ ನನಗೆ ಬೇಕಾದಾಗ. ಅವರಿಗೆ ಬೇಕಾದಾಗ ನಾನು ದಾಟಲಿಲ್ಲ.

ಆ ಮನೆಯಲ್ಲಿ ಆಮೇಲೆ ಹನ್ನೊಂದು ವರ್ಷ ಇದ್ದೆ. ಯಾರೂ ನನ್ನ ಮೇಲೆ ಒಂದು ಮಾತು ಆಡಲಿಲ್ಲ.