ನಾಲ್ಕು ಗಂಟೆಯ ಕಾಫಿ

ಹಳ್ಳಿಮೈಸೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಗಂಗಮ್ಮನಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಸಂಜೆ ನಾಲ್ಕಕ್ಕೆ ಎದುರುಮನೆಯ ಗೋದಮ್ಮ ಜಗಲಿಯಿಂದ ಕೂಗಿ ಕಾಫಿ ಕೊಡುತ್ತಿದ್ದಳು. ಲೋಟ ಖಾಲಿಯಾಗುವವರೆಗೆ ಮಾತು. ಆಮೇಲೆ ಬೆಳಗಿನವರೆಗೆ ಅವಳನ್ನು ಮಾತಾಡಿಸುವವರು ಯಾರೂ ಇರಲಿಲ್ಲ.

ಸಾರಿನ ಡಬರಿ ಇಳಿಸುವಾಗ ಎದೆ ಹಿಡಿದುಕೊಳ್ಳತೊಡಗಿತು. ಹಾಸನದ ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು. ನರಕ್ಕೆ ಔಷಧಿ ಬಿಟ್ಟು ಮೇಲಿಂದ ಮೇಲೆ ಎಕ್ಸ್‌ರೇ ತೆಗೆದರೆ, ಹೃದಯದ ಮಾಂಸಕ್ಕೆ ಎಲ್ಲೆಲ್ಲಿ ಎಷ್ಟು ರಕ್ತ ಮುಟ್ಟುತ್ತಿದೆಯೆಂದು ಅಳೆಯಬಹುದಂತೆ. ಆಪರೇಷನ್ ಬೇಕೋ ಮಾತ್ರೆ ಸಾಕೋ ಅದರಿಂದಲೇ ತಿಳಿಯಬೇಕು. ಆದರೆ ಹಿಂದಿನ ದಿನದಿಂದ ಕಾಫಿ, ಟೀ ಮುಟ್ಟಬಾರದು. ಮುಟ್ಟಿದರೆ ಅಳತೆ ತಪ್ಪುತ್ತದೆ.

ಕಾಯಿಲೆ ತಿಳಿದರೆ ಕೆಲಸ ಹೋದೀತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿನ ಹಿಂದಿನ ದಿನ ಗೋದಮ್ಮ ಎಂದಿನಂತೆ ಕೂಗಿದಳು. ಬೇಡವೆಂದರೆ ಕಾರಣ ಹೇಳಬೇಕು. ಲೋಟವಿಲ್ಲದೆ ಆ ಜಗಲಿಯಲ್ಲಿ ಕೂರುವುದು ಹೇಗೆಂದೂ ಅವಳಿಗೆ ತಿಳಿಯದು. ಕುಡಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಗೌತಮ್ ಕಾಫಿ ಕುಡಿದಿರಾ ಎಂದು ಕೇಳಿದಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಒಂದೇ ಲೋಟ, ಸಾ."

ಅವನು ಬೈಯಲಿಲ್ಲ. ಮುಂದಿನ ಬುಧವಾರಕ್ಕೆ ಬರೆದುಕೊಟ್ಟು, ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದ. ಯಾರನ್ನು ಎಂದು ಬಸ್ಸು ಹೊಳೆನರಸೀಪುರ ದಾಟುವವರೆಗೂ ಅವಳು ಯೋಚಿಸಿದಳು.

ಮಂಗಳವಾರ ನಾಲ್ಕಕ್ಕೆ ಕದ ಹಾಕಿಕೊಂಡು ಒಳಗೇ ಕುಳಿತಳು. ಗೋದಮ್ಮ ಎರಡು ಸಲ ಕೂಗಿದಳು. ಆಮೇಲೆ ಕೂಗಲಿಲ್ಲ.

ಬುಧವಾರ ಒಬ್ಬಳೇ ಹೋದಳು. ಔಷಧಿ ಹರಿದಾಗ ಮೈಯೆಲ್ಲ ಬೆಚ್ಚಗಾಯಿತು. ಉಸಿರು ಹಿಡಿಯಿರಿ ಎಂದಾಗ ಹಿಡಿದಳು. ಒಂದು ಕಡೆ ರಕ್ತ ಸಾಲದು, ಸದ್ಯಕ್ಕೆ ಮಾತ್ರೆ ಸಾಕು, ಭಾರ ಎತ್ತಬೇಡಿ ಎಂದರು ಡಾಕ್ಟರು.

ಊರು ಸೇರಿದಾಗ ಐದಾಗಿತ್ತು. ಗೋದಮ್ಮ ಜಗಲಿಯಲ್ಲಿದ್ದರೂ ಕರೆಯಲಿಲ್ಲ. ಇವಳೇ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

"ನೆನ್ನೆ ಒಳಗ್ನಿಂದ ಚಿಲ್ಕ ಆಕಿತ್ತು. ನಾನೇನ್ ಕಾಪಿಗೆ ಇಸ ಆಕ್ತಿದ್ನಾ?"

ಶಿವಗಂಗಮ್ಮ ಸ್ಕ್ಯಾನಿನ ಕವರನ್ನು ಮುಂದಕ್ಕೆ ತಳ್ಳಿದಳು. "ಎದೆ ತೋರುಸ್ಕಂಡ್ ಬಂದೆ ಕಣಕ್ಕ. ಕಾಪಿ ಕುಡಿಯಂಗಿರ್ನಿಲ್ಲ."

ಗೋದಮ್ಮ ಕವರನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಳು.

"ಒಬ್ಳೇ ಓಗಿದ್ಯಾ?"

"ಊಂ."

ಇನ್ನು ಡಬರಿ ಎತ್ತುವಂತಿಲ್ಲ ಎಂಬುದನ್ನು ಇನ್ನೂ ಹೇಳಬೇಕಿತ್ತು. ಗೋದಮ್ಮ ಒಳಗೆ ಹೋಗಿ ಕಾಫಿ ತಂದಳು. ಬೇಗ ಖಾಲಿಯಾಗದಿರಲೆಂದು ಶಿವಗಂಗಮ್ಮ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಳು, ಕಾಫಿ ಆರುವವರೆಗೂ ಕುಡಿಯಲಿಲ್ಲ.