ಅಂಗಿ ತೊಟ್ಟ ಮೂಟೆಗಳು

ಮೇಸ್ತ್ರಿಗಳ ಎಡ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಬಲಗೈಯಲ್ಲಿ ನಮ್ಮೆಲ್ಲರಿಗೂ ಇರುವಷ್ಟು ಗೆರೆಗಳಿದ್ದವು, ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪೂ ಇತ್ತು. ಎಡ ಅಂಗೈ ಮಾತ್ರ ಲಟ್ಟಿಸಿಟ್ಟ ಹಪ್ಪಳದಂತೆ ನುಣ್ಣಗೆ, ಬೆಳ್ಳಗೆ, ಬೆಳಕಿಗೆ ಹಿಡಿದರೆ ಸ್ವಲ್ಪ ಹೊಳೆಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ದಿನ ಅವರು ಆ ಕೈಯಲ್ಲಿ ಒಂದು ಉಕ್ಕಿನ ತುಂಡನ್ನು ಹಿಡಿದು ನನ್ನ ಮುಂದೆ ಚಾಚಿದರು. ನಾನು ನೋಡಿದ್ದು ತುಂಡನ್ನಲ್ಲ, ಅಂಗೈಯನ್ನು. "ಕೈ ಏನ್ ನೋಡ್ತೀಯವ್ವಾ, ಗ್ರಿಪ್ ನೋಡು" ಎಂದರು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದು ತಗಡಿನ ಚಾವಣಿಯ ಒಂದು ಶೆಡ್ಡು. ಅಲ್ಲಿ ಕುಳಿತು ಹಿಮದ ಬೆಟ್ಟದ ಕುರ್ಚಿಗಳನ್ನು ರಿಪೇರಿ ಮಾಡುತ್ತೇವೆ ಎಂದರೆ ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಉತ್ತರದಲ್ಲಿ ಒಂದು ಬೆಟ್ಟವಿದೆ. ಚಳಿಗಾಲದಲ್ಲಿ ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಅಲ್ಲಿ ಹಿಮದ ಮೇಲೆ ಜಾರುತ್ತಾರೆ. ಜಾರಿ ಕೆಳಗೆ ಬಂದವರನ್ನು ಮತ್ತೆ ಮೇಲೆ ಒಯ್ಯಲು ದಪ್ಪ ಉಕ್ಕಿನ ಹಗ್ಗವೊಂದು ಕಂಬಗಳ ಮೇಲೆ ಸುತ್ತುತ್ತಿರುತ್ತದೆ. ಅದಕ್ಕೆ ಐವತ್ತೆಂಟು ಕುರ್ಚಿಗಳು ತೂಗುಬಿದ್ದಿವೆ. ಕುರ್ಚಿಯನ್ನು ಹಗ್ಗಕ್ಕೆ ಕಚ್ಚಿ ಹಿಡಿಯುವ ಉಕ್ಕಿನ ದವಡೆಯೇ ಗ್ರಿಪ್. ಹಿಮ ಕರಗಿ ಕುರ್ಚಿಗಳು ನಿಂತ ಮೇಲೆ ಗ್ರಿಪ್‌ಗಳೂ ಕಂಬದ ಗಾಲಿಗಳೂ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತವೆ. ಬೇಸಿಗೆ ಮಳೆಗಾಲವೆಲ್ಲ ಅವನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಸೆಪ್ಟೆಂಬರಿನಲ್ಲಿ ನಾವೇ ಹೋಗಿ ಜೋಡಿಸಿ, ಓಡಿಸಿ ನೋಡಿ, ಹಿಮ ಬೀಳುವ ಮೊದಲೇ ವಾಪಸಾಗುತ್ತೇವೆ. ಹನ್ನೊಂದು ವರ್ಷ ಹೋಗಿಬಂದರೂ ನಾನು ಅಲ್ಲಿ ಹಿಮ ಕಂಡವಳಲ್ಲ. "ಅಷ್ಟ್ ದೂರ ಹೋಗಿ ಐಸ್ ಜೊತೆ ಒಂದ್ ಫೋಟೋನೂ ಇಲ್ವಲ್ಲೇ, ಎಲ್ಲಿಗ್ ಹೋಗಿದ್ದೆ ನಿಜ ಹೇಳು" ಎಂದು ಪಕ್ಕದ ಮನೆಯ ಆಂಟಿ ಈಗಲೂ ಕಾಡಿಸುತ್ತಾರೆ.

ಮೇಸ್ತ್ರಿಗಳು ಹಾವೇರಿ ಕಡೆಯವರು. ಬಸವೇಶ್ವರನಗರದಲ್ಲಿ ಮೂವತ್ತು ವರ್ಷ ಇದ್ದರೂ ಮಾತು ಊರಿನದೇ. ಬೆಳಿಗ್ಗೆ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡೇ ಶೆಡ್ಡಿಗೆ ಬರುತ್ತಿದ್ದರು. ಗ್ರಿಪ್ ನೋಡುವುದೂ ಅದೇ ರೀತಿ. ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆಗ ಯಾರೂ ಮಾತಾಡುವಂತಿರಲಿಲ್ಲ. ಡಿಪ್ಲೊಮಾ ಮಾಡಿ ಬಂದ ನನಗೆ ಅದು ನಾಟಕವೆನಿಸಿತ್ತು. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೊಂದು ಪರೀಕ್ಷೆ ಇದೆ, ಆ ಪರೀಕ್ಷೆಗೆಂದೇ ನನ್ನನ್ನು ಸೇರಿಸಿಕೊಂಡಿದ್ದರು.

ಪರೀಕ್ಷೆ ಸರಳ. ಗ್ರಿಪ್ಪಿಗೆ ಕೆಂಪು ಬಣ್ಣ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು. ಬಿರುಕಿದ್ದರೆ ಬಣ್ಣ ಒಳಗೆ ಇಳಿಯುತ್ತದೆ. ಆಮೇಲೆ ಚೆನ್ನಾಗಿ ಒರೆಸಿ ಬಿಳಿ ಪುಡಿಯ ದ್ರಾವಣ ಸಿಂಪಡಿಸಿದರೆ, ಒಳಗೆ ಕೂತಿದ್ದ ಕೆಂಪು ಬಿಳಿಯ ಮೇಲೆ ಮೆಲ್ಲಗೆ ಗೆರೆಯಾಗಿ ಮೇಲೆ ಬರುತ್ತದೆ. ಏನೂ ಇಲ್ಲದ ಕಡೆ ಒಂದು ಕೆಂಪು ಗೆರೆ ತಾನಾಗಿ ಮೂಡುವುದನ್ನು ಎಷ್ಟು ವರ್ಷ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಮೇಸ್ತ್ರಿಗಳು ಪ್ರತಿ ಗ್ರಿಪ್ಪಿಗೂ ತಪ್ಪದೆ ಕೇಳುತ್ತಿದ್ದರು: "ಹತ್ತು ನಿಮಿಷ ಬಿಟ್ಟೀಯೇನವ್ವಾ?" ಐವತ್ತೆಂಟು ಸಲ ಕೇಳಿದರೆ ಐವತ್ತೆಂಟು ಸಲವೂ "ಹೌದು ಮೇಸ್ತ್ರಿ" ಎನ್ನಬೇಕು. ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಅವರದು ಇನ್ನೊಂದು ಕಟ್ಟಳೆ. ಕುರ್ಚಿಗಳನ್ನು ಜೋಡಿಸಿದ ಮೇಲೆ ಮನುಷ್ಯರ ತೂಕದ ಮರಳು ಮೂಟೆಗಳನ್ನು ಕೂರಿಸಿ ಓಡಿಸಿ ನೋಡಬೇಕು. ಅದು ಎಲ್ಲ ಕಡೆಯೂ ಇರುವ ಕ್ರಮ. ನಮ್ಮಲ್ಲಿ ಮಾತ್ರ ಮೂಟೆಗೆ ಬಟ್ಟೆ ತೊಡಿಸಬೇಕಿತ್ತು. ಪರೀಕ್ಷೆ ನನ್ನದಾದರೂ ಕೊನೆಗೆ ಗ್ರಿಪ್ ಪಾಸು ಮಾಡುವುದನ್ನು ಮೇಸ್ತ್ರಿಗಳು, ನಮ್ಮ ವೆಲ್ಡರ್, ನಾನು ಮೂವರೂ ಹಂಚಿಕೊಳ್ಳುತ್ತಿದ್ದೆವು. ಯಾವ ಗ್ರಿಪ್ಪನ್ನು ಯಾರು ಪಾಸು ಮಾಡಿದರೋ ಆ ಕುರ್ಚಿಯ ಮೂಟೆಗೆ ಅವರದೇ ಹಳೆಯ ಬಟ್ಟೆ. ಬೇರೆಯವರದು ಆಗುವುದಿಲ್ಲ, ಹೊಸದು ಆಗುವುದಿಲ್ಲ, ಮೈಗೆ ಹಾಕಿ ಬೆವರಿದ್ದಾಗಿರಬೇಕು. "ಮರಳು ಬಿದ್ರ ಯಾರಿಗೇನು? ಅಂಗಿ ಬಿದ್ರ ಕರುಳು ಚುರ್ ಅಂತೈತಿ" ಎನ್ನುತ್ತಿದ್ದರು. ಶೆಡ್ಡಿನ ಹಿಂಭಾಗದಲ್ಲಿ ಒಂದು ಸಣ್ಣ ಸುತ್ತಿನ ಹಗ್ಗ ಕಟ್ಟಿ ಒಂದು ಕುರ್ಚಿ ನೇತು ಹಾಕಿದ್ದೆವು. ಹೊರಗೆ ಮೆಟ್ರೋ ಹೋಗುತ್ತಿರುತ್ತಿತ್ತು, ಒಳಗೆ ಮಟಮಟ ಮಧ್ಯಾಹ್ನ ಮೇಸ್ತ್ರಿಗಳ ನೀಲಿ ಅಂಗಿ ತೊಟ್ಟು, ತಲೆಯಿಲ್ಲದೆ, ತೋಳು ಇಳಿಬಿಟ್ಟು ಒಂದು ಮೂಟೆ ಸುತ್ತು ಹಾಕುತ್ತಿರುತ್ತಿತ್ತು. ಮೊದಮೊದಲು ನಾನು ಆ ಕಡೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದೆ.

ಕುರ್ಚಿಯನ್ನು 'ಖಾಲಿ' ಎಂದರೂ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವಲ್ಲ, ಅದೇ ಥರ. ನಾನೊಮ್ಮೆ "ಹನ್ನೆರಡನೇ ನಂಬರು ಖಾಲಿ ಇದೆ ಮೇಸ್ತ್ರಿ" ಎಂದಾಗ ಸ್ಪ್ಯಾನರ್ ಕೆಳಗಿಟ್ಟರು. "ಖಾಲಿ ಅನಬ್ಯಾಡ. ಇಳದಾರ ಅನ್ನು."

"ಯಾರು ಇಳಿದಿರೋದು? ಯಾರೂ ಕೂತೇ ಇರ್ಲಿಲ್ವಲ್ಲ."

"ಕುಂತಿದ್ರೋ ಇಲ್ಲೋ ನಿನಗೇನು ಗೊತ್ತು?" ಎಂದು ಮತ್ತೆ ಸ್ಪ್ಯಾನರ್ ಎತ್ತಿಕೊಂಡರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಏನೂ ಬರೆದಂತಾಗುವುದಿಲ್ಲ. ಆರು ವರ್ಷದ ಹಿಂದೆ, ಗ್ರಿಪ್‌ಗಳನ್ನು ಬೆಟ್ಟಕ್ಕೆ ಕಳಿಸುವ ದಿನ. ಲಾರಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ನನ್ನ ಅತ್ತಿಗೆಯ ಸೀಮಂತ, ಚಂದ್ರಾ ಲೇಔಟಿನಲ್ಲಿ ನಾಲ್ಕು ಗಂಟೆಗೆ ಆರತಿ. ಇನ್ನೂ ಒಂದು ಗ್ರಿಪ್ ಬಾಕಿ, ನಲವತ್ತೊಂದನೇ ನಂಬರಿನದು. ಕೆಂಪು ಸಿಂಪಡಿಸಿದೆ, ಮೂರು ನಿಮಿಷವೂ ಆಗಿತ್ತೋ ಇಲ್ಲವೋ, ಒರೆಸಿದೆ, ಬಿಳಿ ಸಿಂಪಡಿಸಿದೆ. ಏನೂ ಮೂಡಲಿಲ್ಲ. ಮೇಸ್ತ್ರಿಗಳು ಬಂದು ಅದನ್ನು ಅಂಗೈಗೆ ತೆಗೆದುಕೊಂಡರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು.

"ಹತ್ತು ನಿಮಿಷ ಬಿಟ್ಟೀಯೇನವ್ವಾ?"

"ಹೌದು ಮೇಸ್ತ್ರಿ."

ಅವರು ನನ್ನ ಮುಖ ನೋಡಲಿಲ್ಲ. ಗ್ರಿಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ನಾನು ಆರತಿಯ ಹೊತ್ತಿಗೆ ಸರಿಯಾಗಿ ತಲುಪಿದೆ.

ಬೆಟ್ಟದಲ್ಲಿ ಆ ವರ್ಷ ಮಂಜು ಬೇಗ ಇಳಿದಿತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೂ ಮೂರನೇ ಕಂಬದಿಂದಾಚೆ ಏನೂ ಕಾಣುತ್ತಿರಲಿಲ್ಲ. ಮೂಟೆಗಳನ್ನು ಕೂರಿಸಿ, ಇಳಿಜಾರಿನಲ್ಲಿ ಜನ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೋಟಾರು ಹಾಕಿದರು. ಕೆಳಗಿನ ನಿಲ್ದಾಣದಲ್ಲಿ ಮೇಸ್ತ್ರಿಗಳೂ ನಾನೂ ನಿಂತಿದ್ದೆವು. ಒಂದೊಂದೇ ಕುರ್ಚಿ ನಮ್ಮ ಮುಂದೆ ಹಾದು ಬೆಳ್ಳಗಿನೊಳಗೆ ಹೋಗಿ ಕರಗುತ್ತಿತ್ತು, ಒಂದೊಂದೇ ಕುರ್ಚಿ ಅದರೊಳಗಿಂದ ಹೊರಬರುತ್ತಿತ್ತು. ವೆಲ್ಡರನ ಕೆಂಪು ಟೀ ಶರ್ಟು. ಮೇಸ್ತ್ರಿಗಳ ನೀಲಿ ಅಂಗಿ. ಮತ್ತೆ ನೀಲಿ ಅಂಗಿ. ಎಲ್ಲವೂ ತೋಳು ಇಳಿಬಿಟ್ಟುಕೊಂಡು, ಯಾವುದಕ್ಕೂ ಮುಖವಿಲ್ಲ. ಬೆಟ್ಟದ ಕೆಳಗಿನ ಊರಿನ ಹೆಂಗಸರು ಆ ಒಂದು ದಿನ ಬೆಟ್ಟಕ್ಕೆ ಹುಲ್ಲಿಗೆ ಬರುತ್ತಿರಲಿಲ್ಲ. ಏಕೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಲವತ್ತೊಂದರಲ್ಲಿ ನನ್ನ ಹಳದಿ ಟಾಪ್ ಕೂತಿತ್ತು. ಸಣ್ಣ ಕೆಂಪು ಹೂವಿನದು, ಒಗೆದಾಗ ಗಿಡ್ಡವಾಗಿಹೋಗಿತ್ತು. ಮೊದಲ ಸುತ್ತು ಬಂತು, ಎರಡನೆಯದು ಬಂತು. ಮೂರನೆಯ ಸುತ್ತಿನಲ್ಲಿ ಅದು ಮಂಜಿನೊಳಗೆ ಹೋಗುವಾಗ ಮೇಸ್ತ್ರಿಗಳು ಕಿವಿ ಆ ಕಡೆ ಕೊಟ್ಟರು. ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲಿನ ಹಗ್ಗ ಒಮ್ಮೆ ಜಗ್ಗಿ ಕುಣಿಯಿತು. ಸದ್ದು ಏನೂ ಕೇಳಲಿಲ್ಲ. ಮೂವತ್ತೊಂಬತ್ತು ಇಳಿದು ಬಂತು, ನಲವತ್ತು ಬಂತು. ಆಮೇಲೆ ಬರಿಯ ಹಗ್ಗ ಬಂತು. ಆಮೇಲೆ ನಲವತ್ತೆರಡು.

ಮೇಸ್ತ್ರಿಗಳು ಕೈ ಎತ್ತಿ ಮೋಟಾರು ನಿಲ್ಲಿಸಿದರು. ನಾವಿಬ್ಬರೇ ಇಳಿಜಾರು ಹತ್ತಿದೆವು. ಆರನೇ ಕಂಬದ ಕೆಳಗೆ ಒದ್ದೆ ಹುಲ್ಲಿನಲ್ಲಿ ನನ್ನ ಹಳದಿ ಟಾಪ್ ಬೋರಲು ಬಿದ್ದಿತ್ತು. ಒಂದು ತೋಳು ಕುರ್ಚಿಯ ಕೆಳಗೆ ಸಿಕ್ಕಿತ್ತು. ಕುತ್ತಿಗೆಯ ಹತ್ತಿರ ಮೂಟೆ ಒಡೆದು ಮರಳು ಇನ್ನೂ ಸಣ್ಣಗೆ ಸುರಿಯುತ್ತಿತ್ತು. ಆ ತೋಳನ್ನು ಬಿಡಿಸಲು ಹುಲ್ಲಿನಲ್ಲಿ ಮಂಡಿಯೂರಿದೆ. ಅದು ನಾನೇ ಎನ್ನಿಸಿತು, ಮೊದಲು. ಮರುಕ್ಷಣವೇ, ಡಿಸೆಂಬರಿನಲ್ಲಿ ಅಲ್ಲಿ ಯಾರದೋ ಮಗು ಕೂತಿರುತ್ತಿತ್ತು ಎನ್ನಿಸಿತು. ಆ ಎರಡನೆಯದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಮೂರೇ ನಿಮಿಷ ಬಿಟ್ಟಿದ್ದು ಮೇಸ್ತ್ರಿ. ಸುಳ್ಳು ಹೇಳ್ದೆ."

ಅವರು ಬಯ್ಯುತ್ತಾರೆಂದು ಕಾದೆ. ಅವರು ನನ್ನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು ಎಡ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟರು. "ಆಗ ಇಲ್ಲೆ ಮೂಟಿ ಇರಲಿಲ್ಲವ್ವಾ, ನಾವೇ ಕುಂದರ್ತಿದ್ವಿ. ನನ್ನ ತಮ್ಮ ಕುಂತಿದ್ದ. ಕಾಲು ಜೋತು ಬಿಟ್ಟು ನಕ್ಕೋತ ಹೋದ. ಅವನ ಗ್ರಿಪ್ ನಾ ಪಾಸು ಮಾಡಿದ್ದು. ನಮ್ಮ ದೊಡ್ಡ ಮೇಸ್ತ್ರಿ ಕೇಳಿದ್ರು, ಹತ್ತು ನಿಮಿಷ ಬಿಟ್ಟೀಯೇನೋ ಅಂತ." ಕೈ ಚಾಚಿ ಮೂಟೆಯ ಒಡೆದ ಬಾಯಿಯನ್ನು ಮುಚ್ಚಿ ಹಿಡಿದರು. "ನಾನೂ ಹೌದು ಅಂದಿದ್ದೆ."

ತಮ್ಮ ಬಿದ್ದನೆಂದು ತಿಳಿದಾಗ, ಓಡುತ್ತಿದ್ದ ಉಕ್ಕಿನ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಲು ನೋಡಿದ್ದರಂತೆ. ಗೆರೆಗಳು ಹೋದದ್ದು ಹಾಗೆ. ಅದಾದ ಮೇಲೆ ಆ ಊರಿನವರು ಮೇಲಿನಿಂದ ಇಳಿದು ಬರುತ್ತಿದ್ದ ಒಂದೊಂದೇ ಕುರ್ಚಿಯನ್ನು ನೋಡಿ "ಖಾಲಿ, ಖಾಲಿ" ಎಂದು ಕೂಗಿ ಎಣಿಸುತ್ತಿದ್ದರಂತೆ.

ನನ್ನ ಟಾಪನ್ನು ನನ್ನ ಕೈಯಲ್ಲೇ ಹೊರಿಸಿಕೊಂಡು ಕೆಳಗೆ ಬಂದರು. ಉಳಿದ ಐವತ್ತೇಳು ಗ್ರಿಪ್‌ಗಳನ್ನೂ ಮತ್ತೆ ಬಿಚ್ಚಿ ಅಲ್ಲಿಯೇ ಪರೀಕ್ಷೆ ಮಾಡಿದೆವು. ಹತ್ತತ್ತು ನಿಮಿಷ, ಗಡಿಯಾರ ಮುಂದಿಟ್ಟುಕೊಂಡು. ಅಷ್ಟೂ ದಿನ ಅವರು ಒಮ್ಮೆಯೂ ಆ ಪ್ರಶ್ನೆ ಕೇಳಲಿಲ್ಲ. ಕೇಳಲಿ ಎಂದು ನಾನು ಹಂಬಲಿಸಿದೆ. ಬೆಂಗಳೂರಿಗೆ ಬಂದು ಮಾಲೀಕರಿಗೆ ನಾನೇ ಎಲ್ಲ ಹೇಳಿದೆ. ಕೆಲಸ ಹೋಗಲಿಲ್ಲ, ಮೇಸ್ತ್ರಿಗಳು ಅಡ್ಡ ನಿಂತರೆಂದು ಆಮೇಲೆ ಗೊತ್ತಾಯಿತು.

ಕಳೆದ ವರ್ಷ ಆಷಾಢದಲ್ಲಿ ಅವರು ಹಾಸಿಗೆ ಹಿಡಿದರು. ಬಸವೇಶ್ವರನಗರದ ಮನೆಗೆ ಒಂದು ಮಧ್ಯಾಹ್ನ ನೋಡಲು ಹೋದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು, "ಮನ್ಯಾಗ ಒಂದು ಹಳೆ ಅಂಗಿ ಉಳದಿಲ್ಲ ನೋಡವ್ವಾ, ಎಲ್ಲಾ ಬೆಟ್ಟಕ್ಕ ಹೊತ್ತಾರ" ಎಂದು ನಕ್ಕರು. ಮೇಸ್ತ್ರಿಗಳು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲಿನಿಂದ ಬಾಗಿಲ ಕಡೆ ನೋಡಿದರು.

"ಎಲ್ಲಾರೂ ಇಳದಾರೇನವ್ವಾ?"

ಗ್ರಿಪ್‌ಗಳೆಲ್ಲ ಇನ್ನೂ ಶೆಡ್ಡಿನಲ್ಲೇ ಇದ್ದವು, ಬೆಟ್ಟದಲ್ಲಿ ಹಗ್ಗ ನಿಂತಿತ್ತು. "ಹೌದು ಮೇಸ್ತ್ರಿ" ಎಂದೆ.

"ಇಲ್ಲ. ಒಬ್ಬಾಂವ ಉಳದಾನ" ಎಂದರು, ಬಾಗಿಲಿನಿಂದ ಕಣ್ಣು ತೆಗೆಯದೆ. ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ.

ಮೂರನೆಯ ದಿನ ಹೋದರು. ಅವರಲ್ಲಿ ಹೋದವರನ್ನು ಕೂರಿಸಿಯೇ ಒಯ್ಯುತ್ತಾರೆ. ಹೂವಿನ ಅಲಂಕಾರದ ನಡುವೆ, ಹಣೆತುಂಬ ವಿಭೂತಿ, ಹೊತ್ತವರ ಹೆಜ್ಜೆಗೆ ತಕ್ಕಂತೆ ಹಿಂದೆ ಮುಂದೆ ತೂಗುತ್ತ ಮೇಸ್ತ್ರಿಗಳು ನಮ್ಮ ಮುಂದೆ ಹಾದರು. ಅಂಥದ್ದನ್ನು ನಾನು ಹತ್ತು ವರ್ಷ ನೋಡಿದ್ದೆ, ಆದರೆ ಯಾವುದಕ್ಕೂ ಮುಖವಿರಲಿಲ್ಲ. ಅಲ್ಲಿಯವರೆಗೆ ಅಳದಿದ್ದವಳು ರಸ್ತೆಯಲ್ಲೇ ಜೋರಾಗಿ ಅತ್ತುಬಿಟ್ಟೆ. ಸಮಾಧಿಯಲ್ಲೂ ಕೂರಿಸಿದರು. ಗೆರೆಯಿಲ್ಲದ ಆ ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಹಾಕಿ ಮುಚ್ಚಿದರು.

ಆ ಸೆಪ್ಟೆಂಬರಿನಲ್ಲಿ ಬೆಟ್ಟಕ್ಕೆ ಹೋಗುವಾಗ ಅವರ ಹೆಂಡತಿ, ಮೇಸ್ತ್ರಿಗಳು ಕೊನೆಗೆ ಮೈಮೇಲೆ ಹಾಕಿದ್ದ ನೀಲಿ ಅಂಗಿಯನ್ನು ನನ್ನ ಚೀಲಕ್ಕೆ ಹಾಕಿದರು. ಆ ವರ್ಷ ಅವರು ಯಾವ ಗ್ರಿಪ್ಪನ್ನೂ ಪಾಸು ಮಾಡಿರಲಿಲ್ಲ. ಹಾಗಾಗಿ ಅವರ ಕಟ್ಟಳೆಯ ಪ್ರಕಾರ ಅದನ್ನು ಯಾವ ಮೂಟೆಗೂ ತೊಡಿಸುವಂತಿರಲಿಲ್ಲ, ತೊಡಿಸಲಿಲ್ಲ. ಐವತ್ತೆಂಟಕ್ಕೂ ನನ್ನ ಬಟ್ಟೆ, ವೆಲ್ಡರನ ಬಟ್ಟೆ. ಸುತ್ತುಗಳೆಲ್ಲ ಮುಗಿದ ಮೇಲೆ ಮೂಟೆಗಳನ್ನು ಒಂದೊಂದಾಗಿ ಇಳಿಸಿದೆವು. ನಾನು ಮಾತ್ರ ನೀಲಿ ಅಂಗಿಯನ್ನು ಮಡಚಿ ನಲವತ್ತೊಂದರ ಸೀಟಿನ ಮೇಲಿಟ್ಟು, ಕಂಬಿಗೆ ಭದ್ರವಾಗಿ ಗಂಟು ಹಾಕಿ, ಇನ್ನೊಂದು ಸುತ್ತು ಓಡಿಸಲು ಹೇಳಿದೆ.

ಕುರ್ಚಿ ಮಂಜಿನೊಳಗೆ ಹೋಯಿತು. ನಾನು ಎಣಿಸುತ್ತ ನಿಂತೆ. ಮೂವತ್ತೊಂಬತ್ತು ಬಂತು, ನಲವತ್ತು ಬಂತು, ಎರಡೂ ಅಲುಗದೆ ಬಂದವು. ಅವುಗಳ ಹಿಂದೆ ನಲವತ್ತೊಂದು ಬಂತು. ಅಂಗಿ ಗಂಟು ಹಾಕಿದ ಹಾಗೆಯೇ ಇತ್ತು. ಕುರ್ಚಿ ಮಾತ್ರ ಹಿಂದೆ ಮುಂದೆ ತೂಗುತ್ತಿತ್ತು, ಕೂತವರು ಈಗಷ್ಟೇ ಇಳಿದು ಹೋದರೆ ತೂಗುವ ಹಾಗೆ. ಗಾಳಿ ಇದ್ದಿರಬಹುದು. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಮೋಟಾರಿನ ಕೋಣೆಯಿಂದ ಆಪರೇಟರು ಎಲ್ಲ ಖಾಲಿಯೇ ಎಂದು ಕೂಗಿ ಕೇಳಿದ. ಎಲ್ಲರೂ ಇಳಿದಿದ್ದಾರೆ ಎಂದು ನಾನು ಅವನಿಗೆ ಮೇಸ್ತ್ರಿಗಳು ಕಲಿಸಿದ ಉತ್ತರವನ್ನೇ ಹೇಳಿದೆ. ಅದು ಸುಳ್ಳೆಂದು ಆ ದಿನ ನನಗೆ ಅನ್ನಿಸಲಿಲ್ಲ.